ಹೂವಮ್ಮನ ಜಡೆ

"ಇಷ್ಟು ಸಿಕ್ಕು ಬಿಡ್ಸಾಕೆ ಹೊತ್ತೆಲ್ಲಿದೆ? ತುರುಬು ಕಟ್ಬಿಡಾಣ," ಎಂದು ಪಕ್ಕದ ಮನೆಯ ಕೆರಿಯಮ್ಮ ಬಾಚಣಿಗೆ ಎಳೆದಳು. ಹೂವಮ್ಮನ ತಲೆ ಪಕ್ಕಕ್ಕೆ ವಾಲಿತು. ಬಾಗಿಲಲ್ಲಿ ನಿಂತಿದ್ದ ಗಂಡ ಬೆಳ್ಳಪ್ಪ, ಅವಳಿಗೆ ನೋವಾಯಿತೇನೋ ಎಂಬಂತೆ ಮುಖ ಕಿವುಚಿಕೊಂಡ.

"ನೀನು ಹೊರಗಿರು ಬೆಳ್ಳಣ್ಣ. ಮುತ್ತೈದೆ ಸಿಂಗಾರ ಹೆಂಗಸ್ರ ಕೆಲ್ಸ."

ಕಾರ್ಗಲ್ಲಿನ ಆ ಕ್ವಾರ್ಟರ್ಸಿನ ಮುಂದೆ ಗಂಡಸರು ಚಟ್ಟ ಕಟ್ಟುತ್ತಿದ್ದರು. ಬೆಳ್ಳಪ್ಪ ಅತ್ತ ಹೋಗಲಿಲ್ಲ. ಹೂವಮ್ಮನಿಗೆ ತುರುಬೆಂದರೆ ಆಗುತ್ತಿರಲಿಲ್ಲ. ಕಟ್ಟಿಕೊಂಡರೆ ಕಾಯಿಲೆಯವಳ ಹಾಗೆ ಕಾಣುತ್ತೇನೆ ಎನ್ನುತ್ತಿದ್ದಳು. ಕಾಯಿಲೆಯವಳೇ ಆಗಿದ್ದಳು, ಆ ಮಾತು ಬೇರೆ. ಅವಳು ಜಡೆಯಲ್ಲೇ ಹೋಗಬೇಕು. ಹಾಗೆನ್ನಲು ಬಾಯಿ ತೆರೆದರೆ ಅವಳಿಗೆ ಕೊಟ್ಟ ಮಾತು ಅಡ್ಡ ಬರುತ್ತಿತ್ತು.

*

ಅವಳ ಬೆರಳ ಗಂಟುಗಳು ಊದಿಕೊಳ್ಳತೊಡಗಿದ್ದು ಎಪ್ಪತ್ತೆಂಟನೇ ಇಸವಿಯಲ್ಲಿ. ಎಣ್ಣೆ, ಕಷಾಯ, ಹರಕೆ ಎಲ್ಲ ಮುಗಿದ ಮೇಲೆ ಸಾಗರದ ಡಾಕ್ಟರು ಸಣ್ಣ ಬಿಳಿ ಮಾತ್ರೆ ಕೊಟ್ಟರು. ವಾರದೊಳಗೆ ಬೆರಳುಗಳು ಬಿಚ್ಚಿಕೊಂಡವು. ಹೂವಮ್ಮ ರೊಟ್ಟಿ ತಟ್ಟಿದಳು, ತನ್ನ ಜಡೆ ತಾನೇ ಹೆಣೆದುಕೊಂಡಳು. ಮುಖವೂ ದುಂಡಗಾಯಿತು. "ಗಂಡ ಚೆನ್ನಾಗಿ ಸಾಕ್ತಿದಾನೆ," ಎಂದು ನಲ್ಲಿಯ ಹತ್ತಿರ ಹೆಂಗಸರು ಕಾಡಿಸಿದರು. ಅವಳಿಗೆ ಅದೂ ಇಷ್ಟವಾಯಿತು. ಆಮೇಲೆ ಸಕ್ಕರೆ ಕಾಯಿಲೆ ಬಂತು, ಮೂಳೆ ಸವೆಯಿತು. ಡಾಕ್ಟರು ಮಾತ್ರೆ ಇಳಿಸುತ್ತ ಬಂದು ನಿಲ್ಲಿಸಿದರು.

"ಗಂಟು ಉರಿಸೋ ವಸ್ತು ಮೈಯೊಳಗೇ ಹುಟ್ಟುತ್ತಮ್ಮ. ಈ ಮಾತ್ರೆ ಅದರ ಜೊತೆ ಇಡೀ ಮೈಯನ್ನೂ ಹೊಡೆಯುತ್ತೆ. ಅದೊಂದನ್ನೇ ತಡೆಯೋ ಔಷಧಿ ಇನ್ನೂ ಬಂದಿಲ್ಲ."

"ಬಂದ್ರೆ ಹೇಳಿ ಕಳ್ಸಿ," ಎಂದಳು ಹೂವಮ್ಮ.

ಬೆರಳುಗಳು ಮತ್ತೆ ಮಡಚಿಕೊಂಡವು. ಜಡೆ ಬೆಳ್ಳಪ್ಪನ ಪಾಲಿಗೆ ಬಂತು. ಮೊದಲ ಜಡೆ ಎಮ್ಮೆ ಕಟ್ಟುವ ಹಗ್ಗದ ಹಾಗಿತ್ತು. ಕನ್ನಡಿ ಹಿಡಿದು ತೋರಿಸಿದಾಗ ಅವಳು ನಕ್ಕು, ಬಿಚ್ಚಿಸಿ, ಇನ್ನೊಮ್ಮೆ ಹಾಕಿಸಿದಳು.

"ಯಾರಿಗೂ ಹೇಳ್ಬೇಡಿ ಮತ್ತೆ. ಕೈಲಾಗ್ದೋಳು ಅಂತಾರೆ."

ಅವನು ಹೇಳಲಿಲ್ಲ. ಅಂದಿನಿಂದ ದಿನಾ ಡ್ಯೂಟಿಗೆ ಹೊರಡುವ ಮುಂಚೆ, ಬಾಗಿಲು ಹಾಕಿಕೊಂಡು ಜಡೆ, ಆಮೇಲೆ ಕನ್ನಡಿ. ಅವಳು ಅತ್ತಿತ್ತ ತಲೆ ತಿರುಗಿಸಿ ನೋಡಿ "ಹ್ಞೂಂ" ಎಂದ ಮೇಲೇ ಅವನು ಚಪ್ಪಲಿ ಮೆಟ್ಟುತ್ತಿದ್ದ.

*

ಕೆರಿಯಮ್ಮ ಕೂದಲನ್ನು ತಿರುಚಿ ಸುತ್ತತೊಡಗಿದಳು.

"ಬೇಡ ಕೆರಿಯಕ್ಕ. ಜಡೆ ನಾನು ಹಾಕ್ತೀನಿ," ಎಂದು ಬೆಳ್ಳಪ್ಪ ಒಳಗೆ ಬಂದ.

"ತಲೆ ಕೆಟ್ಟಿದ್ಯಾ ನಿಂಗೆ? ಗಂಡ್ಸು ಜಡೆ ಹಾಕೋದುಂಟಾ?"

"ದಿನಾ ನಾನೇ ಹಾಕ್ತಿದ್ದಿದ್ದು."

ಮಾತು ಮುರಿದದ್ದಕ್ಕೆ ಅವನಿಗೆ ನಾಚಿಕೆಯಾಯಿತು. ಅರಿಸಿನ ಕಲಸುತ್ತಿದ್ದ ಎದುರುಮನೆಯ ದುರ್ಗಮ್ಮನ ಕೈ ನಿಂತಿತು. ಹೂವಮ್ಮನ ಜಡೆ ನೋಡಿ ಮಗಳಿಗೂ ಹಾಗೇ ಹಾಕಲು ಹೋಗಿ ಸೋತವಳು ಅವಳು.

ಬೆಳ್ಳಪ್ಪ ಹೆಂಡತಿಯ ತಲೆಯ ಬಳಿ ಕೂತ. ತುದಿಯಿಂದ ಸಿಕ್ಕು ಬಿಡಿಸುತ್ತ ಮೇಲೆ ಬಂದ. ಮೂರು ಎಳೆ ಮಾಡಿ ಹೆಣೆದ. ಹಲ್ಲಲ್ಲಿ ಕಚ್ಚಿಕೊಂಡಿದ್ದ ಟೇಪನ್ನು ತುದಿಗೆ ಬಿಗಿದ. ಕೆರಿಯಮ್ಮ ಹೂವಿನ ದಂಡೆ ಕೊಟ್ಟಳು. ಮುಡಿಸಿ, ಜಡೆಯನ್ನು ಭುಜದ ಮೇಲಿಂದ ಎದೆಗೆ ತಂದು ಇಟ್ಟ.

ಹೊತ್ತಾಯಿತೆಂದು ಹೊರಗಿನಿಂದ ಯಾರೋ ಕೂಗಿದರು. ಬೆಳ್ಳಪ್ಪ ಎದ್ದು ಗೋಡೆಯ ಮೊಳೆಯಿಂದ ಕನ್ನಡಿ ತೆಗೆದ, ಪಂಚೆಯ ಅಂಚಿಗೆ ಒರೆಸಿದ, ಹೂವಮ್ಮನ ಮುಖದ ಮುಂದೆ ಹಿಡಿದು ಕಾದ.