ಡೆಸ್ಮಂಡ್ ಬಿಟ್ಟುಹೋದ ಕರೆಂಟ್

ಮುಳ್ಳು ಇನ್ನೂ ಈ ಕಡೆಗೇ ಇದೆ, ಕಿಟಕಿಯ ಕಟ್ಟೆಯ ಮೇಲೆ ಡೆಸ್ಮಂಡ್ ಇಟ್ಟುಹೋದ ದಿಕ್ಸೂಚಿ, ಗಾಜಿನ ಮೇಲೆ ಧೂಳು ಕೂತಿದೆ, ಒರೆಸಬೇಕು, ಒಳಗಿನ ಕೆಂಪು ಮುಳ್ಳು ಮಾತ್ರ ಉತ್ತರದ ಗೊಡವೆಯಿಲ್ಲದೆ ಕೋಣೆಯ ನಡುವಿನ ಉಕ್ಕಿನ ಹಂಡೆಯನ್ನೇ ನೋಡುತ್ತಿದೆ, ಹಂಡೆಯೊಳಗೆ ಕೊರೆಯುವ ಚಳಿಯ ದ್ರವ ಹೀಲಿಯಂ, ಹೀಲಿಯಂನಲ್ಲಿ ಮುಳುಗಿದ ತಂತಿಯ ಸುರುಳಿ, ಸುರುಳಿಯಲ್ಲಿ ನನ್ನ ಗಂಡ ಓಡಿಸಿ ಬಿಟ್ಟ ಕರೆಂಟ್ — ಆ ಚಳಿಗೆ ತಂತಿಯಲ್ಲಿ ತಡೆಯೇ ಇಲ್ಲ, ಯಾರೂ ದೂಡದೆ, ಯಾರೂ ಎಳೆಯದೆ, ತನ್ನ ಪಾಡಿಗೆ ಸುತ್ತುತ್ತಲೇ ಇದೆ, ಅವನು ಸತ್ತ ಮೇಲೂ. ಇವತ್ತು ಅದನ್ನು ಇಳಿಸಬೇಕು. ಪ್ರಯೋಗಾಲಯ ಮುಚ್ಚುತ್ತಿದ್ದಾರೆ, ಹೀಲಿಯಂ ತುಂಬಿಸುವವರಿಲ್ಲ. ಇಲ್ಲಿನ ಉಸ್ತುವಾರಿ ಟ್ರೆವರ್, ಡೆಸ್ಮಂಡನ ಕೈಕೆಳಗೆ ಕೆಲಸ ಕಲಿತವನು, ಫೋನು ಮಾಡಿದ್ದ, ಗ್ವೆಂಡಾ, ಆ ಹಳೇ ಕರೆಂಟ್ ಕಂಬಿ ನಿಮ್ಮನೇಲಿದ್ಯಾ, ಈ ಹಂಡೆಗೆ ಬೇರೆ ಯಾವ್ದೂ ಕೂರಲ್ಲ. ಹುಡುಕ್ತೀನಿ ಕಣಪ್ಪಾ, ಅಂದೆ. ಹುಡುಕುವುದೇನು, ಹೊರಗಿನ ಯಂತ್ರದಿಂದ ಸುರುಳಿಗೆ ಕರೆಂಟ್ ಹಾಯಿಸುವ ಆ ಕಂಬಿ, ಶೆಡ್ಡಿನ ಬಾಗಿಲ ಹಿಂದೆ ಅವನ ಮಳೆ ಕೋಟಿನಲ್ಲಿ ಸುತ್ತಿಟ್ಟದ್ದು ಕಣ್ಣು ಮುಚ್ಚಿಕೊಂಡರೂ ಸಿಗುತ್ತದೆ. ಮತ್ತೆ ಫೋನು, ಮತ್ತೆ ಹುಡುಕ್ತಾ ಇದೀನಿ. ಟ್ರೆವರನಿಗೆ ಅರ್ಥವಾಗಿತ್ತೋ ಏನೋ, ಕಂಬಿ ಸಿಗದಿದ್ರೂ ಹೀಲಿಯಂ ಆರೋಗುತ್ತೆ ಗ್ವೆಂಡಾ, ಆಮೇಲೆ ಅಷ್ಟೂ ಕರೆಂಟ್ ಒಂದೇ ಏಟಿಗೆ ಶಾಖ ಆಗಿ ಮುಗಿದೋಗುತ್ತೆ, ನಿಧಾನಕ್ಕೆ ಇಳ್ಸೋದು ಒಳ್ಳೇದಲ್ವಾ, ಅಂದ. ಒಂದೇ ಏಟಿಗೆ. ಡೆಸ್ಮಂಡನೂ ಹಾಗೇ, ಅಡುಗೆಮನೆಯಲ್ಲಿ ಬೂಟಿನ ದಾರ ಕಟ್ಟಲು ಬಗ್ಗಿದವನು ಮೇಲೇಳಲಿಲ್ಲ, ನಾನು ಪಕ್ಕದ ಕೋಣೆಯಲ್ಲಿದ್ದೆ, ಕರೆದಿದ್ದನೇನೋ, ರೇಡಿಯೋ ಜೋರಾಗಿತ್ತು. ಇದಕ್ಕಾದರೂ ಹಾಗಾಗುವುದು ಬೇಡ, ಇದು ಹೋಗುವಾಗ ನಾನು ಪಕ್ಕದಲ್ಲಿರಬೇಕು. ಮರುದಿನವೇ ಕಂಬಿಯನ್ನು ಮಳೆ ಕೋಟಿನ ಸಮೇತ ಎತ್ತಿಕೊಂಡು ಬಸ್ಸು ಹತ್ತಿದೆ.

ಆ ಸುರುಳಿಯ ಗಂಟು ನನ್ನದು. ವಿಟ್ನಿ ಊರಿನ ಅಯಸ್ಕಾಂತದ ಕಾರ್ಖಾನೆಯ ಬೆಂಚಿನಲ್ಲಿ ಕೂತು ಹಾಕಿದ್ದು, ಸುರುಳಿಯ ಎರಡು ತುದಿಗಳನ್ನು ಆಮ್ಲದಲ್ಲಿ ಅದ್ದಿ ಮೇಲಿನ ತಾಮ್ರ ಕರಗಿಸಿದರೆ ಒಳಗಿನಿಂದ ಕೂದಲಿಗಿಂತ ನವಿರಾದ ಎಳೆಗಳು ಬಿಚ್ಚಿಕೊಳ್ಳುತ್ತವೆ, ಅವನ್ನು ಜಡೆಯ ಹಾಗೆ ಹೆಣೆದು, ಕರಗಿದ ಸೀಸದ ಬೆಸುಗೆಯ ಬಟ್ಟಲಿಗೆ ಇಳಿಸಿ, ತಣಿಯುವ ತನಕ ಕೈ ಅಲುಗಿಸದೆ ಕೂರುವುದು — ಬೆರಳಿನ ಜಿಡ್ಡು ಚೂರು ತಾಗಿದರೂ ಬೆಸುಗೆ ಹಿಡಿಯುವುದಿಲ್ಲ, ಗಂಟಿನಲ್ಲಿ ಎಳ್ಳಷ್ಟು ತಡೆ ಉಳಿದರೂ ಕರೆಂಟ್ ದಿನೇ ದಿನೇ ಸೊರಗುತ್ತದೆ, ಅದಕ್ಕೇ ನಾವು ಬೆಂಚಿನ ಹೆಂಗಸರು ಕೈಗವಸು ಹಾಕಿದರೂ ಸಾಲದೆಂದು ಕೈಗೆ ಕ್ರೀಮನ್ನೇ ಹಚ್ಚುತ್ತಿರಲಿಲ್ಲ, ಜನವರಿಯ ಚಳಿಯಲ್ಲೂ, ಮದುವೆಯ ದಿನವೂ ನನ್ನ ಕೈ ಒಡೆದಿತ್ತು, ಉಂಗುರ ತೊಡಿಸುತ್ತಾ ಪಾದ್ರಿಯ ಎದುರೇ ಡೆಸ್ಮಂಡ್ ಪಿಸುಗುಟ್ಟಿದ, ಏನೇ ಇದು, ಗಾರೆ ಕೆಲ್ಸದವಳ ಕೈ ಇದ್ದಂಗಿದೆ, ನನಗೆ ನಗು ತಡೆಯಲಾಗಲಿಲ್ಲ, ಪಾದ್ರಿ ಕೆಮ್ಮಿದರು. ನೀನು ಗಂಟು ಹಾಕು, ನಾನು ಓಡಿಸ್ತೀನಿ, ಅನ್ನುತ್ತಿದ್ದ, ಊರೂರಿಗೆ ಹೋಗಿ ನಮ್ಮ ಸುರುಳಿಗಳಿಗೆ ಕರೆಂಟ್ ತುಂಬಿ ಬರುವುದೇ ಅವನ ಕೆಲಸ. ಇಲ್ಲಿಂದಲೂ ಫೋನು ಮಾಡಿದ್ದ, ಬಿಟ್ಟೆ ಕಣೆ, ಕಂಬಿ ಎಳ್ಕೊಂಡೆ, ಓಡ್ತಿದೆ, ನಿನ್ ಗಂಟು ಗಟ್ಟಿ ಇದ್ರೆ ನಮ್ಮಿಬ್ರಿಗಿಂತ ಜಾಸ್ತಿ ದಿನ ಓಡುತ್ತೆ. ನಾನು ಆಲೂಗೆಡ್ಡೆ ಸುಲಿಯುತ್ತಿದ್ದೆ, ಸರಿ ಬೇಗ ಬಾ, ವಾಚು ಅಲ್ಲೇ ಮರೆತು ಬರ್ಬೇಡ, ಅಂದೆ. ಅಯಸ್ಕಾಂತದ ಹತ್ತಿರ ಹೋಗುವ ಮುಂಚೆ ವಾಚು ಬಿಚ್ಚಿಡುವುದು, ವಾಪಸ್ಸು ಬರುವಾಗ ಮರೆಯುವುದು, ಎಷ್ಟು ಊರಿನಲ್ಲಿ ಬಿಟ್ಟು ಬಂದನೋ. ಅವತ್ತು ಇನ್ನೊಂದು ಮಾತು ಆಡಬಹುದಿತ್ತು.

ಟ್ರೆವರ್ ಕಂಬಿ ಇಳಿಸುತ್ತಿದ್ದಾನೆ, ಹಂಡೆಯ ಬಾಯಿಂದ ಬಿಳಿ ಹಬೆ, ಈಗ ಹೊರಗಿನ ಯಂತ್ರದಿಂದಲೂ ಒಳಗಿರುವಷ್ಟೇ ಕರೆಂಟ್ ಏರಿಸಬೇಕು, ಎರಡೂ ಸಮವಾದ ಮೇಲೇ ಒಳಗಿನ ಸ್ವಿಚ್ಚು ತೆರೆಯಬೇಕು — ಓಡೋ ಬಸ್ಸಿಂದ ಇಳಿಯೋನ ಕೈ ಹಿಡೀಬೇಕಾದ್ರೆ ನೀನೂ ಅಷ್ಟೇ ಜೋರಾಗಿ ಪಕ್ಕದಲ್ಲಿ ಓಡ್ಬೇಕು ಕಣೆ, ಡೆಸ್ಮಂಡನ ಪಾಠ, ಊಟದ ಮೇಜಿನ ಮೇಲೆ ಚಮಚ ಓಡಿಸಿ ತೋರಿಸಿದ್ದ. ಟ್ರೆವರ್ ಹೇಳುತ್ತಿದ್ದಾನೆ, ಗ್ವೆಂಡಾ, ಅವ್ರು ಬಿಟ್ಟಷ್ಟೇ ಇದೆ ರೀ, ಸವೆದಿದ್ದು ಇಲ್ವೇ ಇಲ್ಲ ಅನ್ನಿ, ಎಂಥಾ ಗಂಟು ಹಾಕಿದೀರಿ ತಾಯಿ. ಹೆಮ್ಮೆಯಾಗುತ್ತದೆ, ಆಗದೆ ಏನು, ಆದರೆ ಇದನ್ನು ಹೇಳಬೇಕಾದವನು ಒಬ್ಬನೇ, ಅವನಿಲ್ಲ, ಮನೆಗೆ ಹೋದರೆ ನನ್ನ ಮಾತಿಗೆ ಹೂಂ ಅನ್ನುವವರಿಲ್ಲ. ತಡೆಯಲಾರದಷ್ಟು ಬೇಸರವಾದಾಗ ಬಸ್ಸು ಹತ್ತಿ ಬಂದು ಈ ಕಿಟಕಿಯ ಹತ್ತಿರ ನಿಂತು ಮುಳ್ಳು ನೋಡಿಕೊಂಡು ಹೋಗುತ್ತಿದ್ದೆ, ಓಡುತ್ತಿದೆ, ಇದ್ದಾನೆ, ಅಂದುಕೊಂಡು ಮನೆಗೆ ಹೋಗಿ ಊಟ ಮಾಡುತ್ತಿದ್ದೆ. ನೀವೇ ಇಳಿಸ್ತೀರಾ, ಟ್ರೆವರ್ ಕೇಳುತ್ತಾನೆ. ಯಂತ್ರದ ತಿರುಪು ಬೆರಳಿಗೆ ತಣ್ಣಗಿದೆ. ಕೈಗೆ ಈಗ ದಿನವೂ ಕ್ರೀಮು ಹಚ್ಚುತ್ತೇನೆ, ಮೆತ್ತಗಾಗಿದೆ, ಮುಟ್ಟಿ ನೋಡುವವರಿಲ್ಲ. ಮೆಲ್ಲಗೆ, ಇನ್ನೂ ಮೆಲ್ಲಗೆ, ಅರ್ಧ ಇಳಿದರೂ ಮುಳ್ಳು ಈ ಕಡೆಗೇ, ಮುಕ್ಕಾಲು ಇಳಿದರೂ ಈ ಕಡೆಗೇ, ಪಕ್ಕದಲ್ಲೇ ಇದೀನಿ ಕಣೋ, ರೇಡಿಯೋ ಇಲ್ಲ ಇಲ್ಲಿ, ನೀನು ಕರೆದರೆ ಕೇಳುತ್ತದೆ, ಇನ್ನು ಚೂರೇ ಚೂರು, ಮುಳ್ಳು ನಡುಗಿತು, ಹಂಡೆಯಿಂದ ಬಿಡಿಸಿಕೊಂಡು ಗೋಡೆಯ ಕಡೆ, ಗೋಡೆಯಿಂದ ಕಿಟಕಿಯ ಕಡೆ, ಆಚೆ ಹುಲ್ಲುಹಾಸು, ಸೈಕಲ್ಲುಗಳು, ಉತ್ತರ. ಆಯ್ತು ಗ್ವೆಂಡಾ, ಸೊನ್ನೆ, ಟ್ರೆವರನ ದನಿ, ಟೀ ತರ್ತೀನಿ ಕೂತ್ಕೊಳಿ, ಹೆಜ್ಜೆಗಳು, ಬಾಗಿಲು. ದಿಕ್ಸೂಚಿ ಅಂಗೈಯಲ್ಲಿದೆ, ಗಾಜು ಒರೆಸುತ್ತೇನೆ, ಮೆಲ್ಲಗೆ ಹಂಡೆಯ ಕಡೆ ತಿರುಗಿಸುತ್ತೇನೆ, ಡಬ್ಬಿ ತಿರುಗುತ್ತದೆ, ಮುಳ್ಳು ತಿರುಗುವುದಿಲ್ಲ, ಮತ್ತೆ ತಿರುಗಿಸುತ್ತೇನೆ, ಈ ಕಡೆ ನೋಡು ಡೆಸ್ಮಂಡ್, ಈ ಕಡೆ, ಮುಳ್ಳು ಕಿಟಕಿಯ ಆಚೆಗೆ, ಮುಳ್ಳು —