ಅರವತ್ತೊಂದನೇ ಬಿಲ್ಲೆ

ಕ್ರೀಡಾಂಗಣದ ಏಳನೇ ಗೇಟಿನಲ್ಲಿ ನನಗೆ ಕೊಟ್ಟ ಕೆಲಸ ಒಂದೇ. ಒಳಗೆ ಹೋಗುವವರ ಚೀಲ ತೆರೆದು ನೋಡಬೇಕು, ನೀರಿನ ಬಾಟಲಿ ಇದ್ದರೆ ತೆಗೆದುಕೊಳ್ಳಬೇಕು. ಅದು ಆರು ದಿನಗಳ ಶಾಲಾ ಕ್ರೀಡಾಕೂಟ. ಮೊದಲ ದಿನ ಅಲ್ಲಿದ್ದ ಹುಡುಗಿ ಬಿಸಿಲು ತಾಳದೆ ಬಿಟ್ಟುಹೋದದ್ದರಿಂದ ಎರಡನೇ ದಿನಕ್ಕೆ ನನ್ನನ್ನು ಕರೆದರು. ಆರನೇ ದಿನ ಮೇಲ್ವಿಚಾರಕರು ನನ್ನ ಹಾಳೆಯಲ್ಲಿ 'ತೃಪ್ತಿಕರ' ಎಂದು ಬರೆದು ಸಹಿ ಹಾಕಿದರೆ ಅಲ್ಲಿಯ ಕಚೇರಿಯಲ್ಲೇ ಒಂದು ವರ್ಷದ ಕೆಲಸ ಸಿಗುತ್ತಿತ್ತು.

ಇದಕ್ಕೆ ಮೊದಲು ಎರಡು ಸಂದರ್ಶನಗಳಲ್ಲಿ ಹೆಸರು ಹೇಳುವಷ್ಟರಲ್ಲೇ ನನ್ನ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. "ಬಾಯಿದ್ದವರು ಬರಗಾಲದಲ್ಲೂ ಬದುಕ್ತಾರೆ. ನಿನಗೆ ಸುಗ್ಗಿ ಕಾಲದಲ್ಲೂ ಕಷ್ಟವೇ" ಎಂದು ಅಮ್ಮ ಹೇಳಿದ್ದಳು. ಗೇಟಿನ ಕೆಲಸಕ್ಕೆ ಮಾತು ಬೇಕಿಲ್ಲ. ಹಾಗಾಗಿ ಇದನ್ನಂತೂ ಕಳೆದುಕೊಳ್ಳಬಾರದು ಎಂದುಕೊಂಡಿದ್ದೆ.

ತೆಗೆದುಕೊಂಡ ಬಾಟಲಿಗಳನ್ನು ಏನು ಮಾಡಬೇಕೆಂದು ಯಾರೂ ಹೇಳಲಿಲ್ಲ. ಗೇಟಿನ ಪಕ್ಕ ಒಂದು ದೊಡ್ಡ ಡ್ರಮ್ಮಿತ್ತು, ಅದು ಕಸಕ್ಕೆ ಎಂದುಕೊಂಡೆ. ಅದರ ಹಿಂದೆ, ಗೋಡೆಯ ನೆರಳಿನಲ್ಲಿ, ಹಿಂದೆ ಆಟಗಾರರು ಬೂಟು ಬಿಡುತ್ತಿದ್ದ ಮರದ ಗೂಡುಗಳಿದ್ದವು. ಪ್ರತಿ ಗೂಡಿಗೂ ಒಂದು ಅಂಕಿ. ಕೆಳಗಿನ ಪೆಟ್ಟಿಗೆಯಲ್ಲಿ ಅದೇ ಅಂಕಿಗಳ ಅಲ್ಯೂಮಿನಿಯಂ ಬಿಲ್ಲೆಗಳು. ಓದುವಾಗ ಎರಡು ವರ್ಷ ನಾನು ಕಾಲೇಜು ಗ್ರಂಥಾಲಯದ ಬಾಗಿಲಲ್ಲಿ ಚೀಲ ತೆಗೆದಿಡುವ ಕೌಂಟರಿನಲ್ಲಿ ಕೂತಿದ್ದೆ. ಒಬ್ಬರ ಕೈಯಿಂದ ಏನಾದರೂ ತೆಗೆದುಕೊಂಡರೆ ಆ ಕೈಗೆ ಬಿಲ್ಲೆ ಕೊಡಬೇಕು ಎನ್ನುವುದು ನನ್ನ ಮೈಗೆ ಅಂಟಿದ ಅಭ್ಯಾಸ. ಯೋಚಿಸಲೂ ಇಲ್ಲ. ಮೊದಲ ಬಾಟಲಿಯನ್ನು ಒಂದನೇ ಗೂಡಿನಲ್ಲಿಟ್ಟು ಒಂದನೇ ಬಿಲ್ಲೆ ಕೊಟ್ಟೆ.

ಹೆಂಗಸರ ತಪಾಸಣೆಗೆಂದು ನನ್ನ ಜೊತೆಗಿದ್ದವಳನ್ನು ಎಲ್ಲರೂ ಗೇಟಕ್ಕ ಎನ್ನುತ್ತಿದ್ದರು. ಹದಿನೈದು ವರ್ಷದಿಂದ ಅಲ್ಲೇ ಇದ್ದವಳು. ಬಿಲ್ಲೆ ಕೊಡುವುದನ್ನು ನೋಡಿ, "ಹೊಸ ಆರ್ಡರ್ ಬಂತಾ? ಒಳ್ಳೇದೇ ಆಯ್ತು ಬಿಡು" ಎಂದಳು. ಆರ್ಡರ್ ಏನೂ ಬಂದಿಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಹತ್ತು ಗಂಟೆಗೆ ಒಬ್ಬ ಅಜ್ಜಿ ಬಂದಳು. ಅವಳ ಬಾಟಲಿಗೆ ಹಸಿರು ಉಲ್ಲನ್ನಿನಲ್ಲಿ ಹೆಣೆದ ಅಂಗಿ ಇತ್ತು.

"ಇದು ನೀರು ಕಣಮ್ಮ, ಬಾಂಬಲ್ಲ."

"ಗೊತ್ತು ಅಜ್ಜಿ. ನಿಯಮ."

"ನಿಯಮಕ್ಕೆ ಬಾಯಾರಲ್ವಾ?" ಎಂದಳು. ಆಮೇಲೆ ಬಿಲ್ಲೆಯನ್ನು ಕಣ್ಣಿನ ಹತ್ತಿರ ಹಿಡಿದು ಓದಿ ನಕ್ಕಳು. "ಅರವತ್ತೊಂದು. ನನಗಿಂತ ಹನ್ನೆರಡು ವರ್ಷ ಚಿಕ್ಕದು. ನನ್ನ ಮೊಮ್ಮಗಳು ರಿಲೇಲಿ ಕೊನೇ ಓಟ ಓಡ್ತಾಳೆ. ಅವಳನ್ನ ನೋಡಿಯೇ ನಾನು ಎದ್ದು ಬರೋದು."

ಪೂರ್ವದ ಮೆಟ್ಟಿಲುಗಳಿಗೆ ಚಾವಣಿ ಇಲ್ಲ. ಅಲ್ಲಿರುವುದು ಒಂದೇ ನಲ್ಲಿ, ಅದರ ಪೈಪು ಸಿಮೆಂಟಿನ ಮೇಲೆ ಬಿಸಿಲಿನಲ್ಲಿ ಮಲಗಿರುತ್ತದೆ. ಹನ್ನೊಂದಕ್ಕೆಲ್ಲ ಆ ನೀರಿನಲ್ಲಿ ಬೆರಳಿಡಲು ಆಗುವುದಿಲ್ಲ. ತಣ್ಣೀರು ಸಿಗುವುದು ಪಡುವಣ ಬದಿಯ ಅಂಗಡಿಯಲ್ಲಿ, ಅರ್ಧ ಮೈದಾನ ಸುತ್ತಿ ಹೋಗಬೇಕು. ಅಲ್ಲಿನ ಬೆಲೆ ಕೇಳಿದರೆ ಬಾಯಾರಿಕೆಯೇ ಮರೆತುಹೋಗುತ್ತದೆ ಎಂದು ಗೇಟಕ್ಕ ಹೇಳಿದಳು.

ಹನ್ನೊಂದೂವರೆಗೆ ಹನ್ನೆರಡನೇ ಬಿಲ್ಲೆಯ ಮೇಷ್ಟರು ಗೇಟಿಗೆ ವಾಪಸು ಬಂದರು. "ನಮ್ಮ ಬಾಟಲಿ ಒಂಚೂರು ಕೊಡಿಯಮ್ಮ. ಇಲ್ಲೇ ಕುಡಿದು ಇಲ್ಲೇ ಕೊಡ್ತೀನಿ." ಮನೆಗೆ ಒಯ್ಯಲಾಗದ ಪುಸ್ತಕವನ್ನು ಗ್ರಂಥಾಲಯದಲ್ಲಿ ಅಲ್ಲಿಯೇ ಕೂತು ಓದಬಹುದು. ಅದರಲ್ಲಿ ತಪ್ಪೇನೂ ಕಾಣಲಿಲ್ಲ, ಕೊಟ್ಟೆ. ಅವರು ಕುಡಿದು, ಬಾಯಿ ಒರೆಸಿಕೊಂಡು, ಬಾಟಲಿ ಕೊಟ್ಟು ಬಿಲ್ಲೆ ಹಿಡಿದು ಹೋದರು. ಹಿಂದೆಯೇ ಮತ್ತಿಬ್ಬರು ಬಂದರು. ಆಮೇಲೆ ಒಂದು ಶಾಲೆಗೆ ಶಾಲೆಯೇ ಬಂತು. ಗೂಡಿನ ಅಂಚಿನಲ್ಲಿದ್ದ ಬಾಟಲಿಯನ್ನು, ಒಮ್ಮೆ ಕುಡಿದಾದ ಮೇಲೆ, ಗೂಡಿನ ಒಳಗೆ ತಳ್ಳಿ ಇಡುತ್ತಿದ್ದೆ. ಇದೂ ಹಳೆಯ ಅಭ್ಯಾಸವೇ.

ಸಾಲು ಗೇಟು ದಾಟಿ ರಸ್ತೆಯ ತನಕ ಬೆಳೆದಾಗ ಮೇಲ್ವಿಚಾರಕರು ಬಂದರು. ಕೊರಳಲ್ಲಿ ಯಾವಾಗಲೂ ಸೀಟಿ ಇರುತ್ತಿದ್ದರಿಂದ ಅವರು ಎಲ್ಲರಿಗೂ ಸೀಟಿ ಸಾರ್.

"ಏನಿದು?"

"ಬಿಲ್ಲೆ ಸಾರ್."

"ಬಿಲ್ಲೆ ಅಂತ ಕಾಣ್ತಾ ಇದೆ. ಯಾಕೆ?"

ನಾನು ಕೈಯಲ್ಲಿದ್ದ ಬಿಲ್ಲೆಯನ್ನು ತಿರುಗಿಸಿ ನೋಡಿದೆ. ಗೇಟಕ್ಕ ನನ್ನ ಮುಖ ನೋಡಿದಳು, ಆರ್ಡರ್ ಎಲ್ಲಿಂದಲೂ ಬಂದಿರಲಿಲ್ಲ ಎಂದು ಅವಳಿಗೆ ಆಗ ತಿಳಿಯಿತು.

"ಬಾಟಲಿ ತಗೊಂಡ್ರೆ ನೀರನ್ನ ಡ್ರಮ್ಮಿಗೆ ಸುರಿಯೋದು, ಬಾಟಲಿ ಗೋಣಿಚೀಲಕ್ಕೆ ಹಾಕೋದು," ಸೀಟಿ ಸಾರ್ ಎಂದರು. "ಹೋದ ವರ್ಷ ಮೇಲಿಂದ ಯಾರೋ ಎಸೆದ ಬಾಟಲಿ ಬಿದ್ದು ತೀರ್ಪುಗಾರರ ಹುಬ್ಬು ಹರಿದಿತ್ತು. ನಾಲ್ಕು ಹೊಲಿಗೆ. ಅವರನ್ನ ಎತ್ತಿಕೊಂಡು ಓಡಿದವನು ನಾನು."

"ಬಾಟಲಿ ಒಳಗೆ ಹೋಗಿಲ್ಲ ಸಾರ್," ಗೇಟಕ್ಕ ಎಂದಳು. "ಜನಾನೇ ಹೊರಗೆ ಬರ್ತಿದ್ದಾರೆ."

"ನಾನು ಏರಿಗೆ ಎಳೆದ್ರೆ ನೀವಿಬ್ಬರೂ ನೀರಿಗೆ ಎಳೀತೀರಲ್ಲ."

"ವಿಷಯ ನೀರಿಂದೇ ಅಲ್ವಾ ಸಾರ್. ಇನ್ನೆಲ್ಲಿಗೆ ಎಳೀಲಿ."

ಅವರು ಸಾಲಿನತ್ತ ಕೈ ತೋರಿಸಿದರು. "ಒಳಗೆ ಏನಾದ್ರೂ ಆಗಿ ಜನ ಓಡಿ ಬಂದ್ರೆ ಎಲ್ಲಿಂದ ಹೋಗ್ತಾರೆ? ಎರಡು ಗಂಟೆಗೆ ಬರ್ತೀನಿ. ಗೂಡು ಖಾಲಿ ಇರ್ಬೇಕು. ಇಲ್ಲದಿದ್ರೆ ನಾಳೆಯಿಂದ ಬರೋದು ಬೇಡ. ಹಾಳೆ ನನ್ನ ಹತ್ರಾನೇ ಇದೆ, ನೆನಪಿರಲಿ."

ಅವರು ಹೇಳಿದ್ದು ಸುಳ್ಳಲ್ಲ. ಸಾಲನ್ನು ಗೇಟಿನಿಂದ ತಿರುಗಿಸಿ ಗೋಡೆಯ ನೆರಳಿಗೆ ನಿಲ್ಲಿಸಿದೆವು, ಬಾಗಿಲು ತೆರವಾಯಿತು. ಎರಡು ಗಂಟೆಗೆ ಹದಿನೈದು ನಿಮಿಷವಿದ್ದಾಗ ಗೋಣಿಚೀಲ ಬಿಡಿಸಿಕೊಂಡು ಗೂಡುಗಳ ಮುಂದೆ ನಿಂತೆ. ಬಾಟಲಿಗಳೆಲ್ಲ ಒಳಕ್ಕೆ ಸರಿದಿದ್ದವು. ಒಂದು ಮಾತ್ರ ಬೆಳಿಗ್ಗೆ ಇಟ್ಟಂತೆಯೇ ಅಂಚಿನಲ್ಲಿತ್ತು. ಹಸಿರು ಉಲ್ಲನ್ನಿನ ಅಂಗಿ ಹಾಕಿದ್ದು.

ಹತ್ತರಿಂದ ಇಲ್ಲಿಯ ತನಕ ಅಜ್ಜಿ ಒಂದು ಗುಟುಕೂ ಕುಡಿದಿರಲಿಲ್ಲ.

"ಅಂಗಡೀಲಿ ಕುಡಿದಿರ್ತಾಳೆ ಬಿಡು," ಗೇಟಕ್ಕ ಎಂದಳು. ಎರಡು ನಿಮಿಷವಾದ ಮೇಲೆ ತಾನೇ, "ಅಷ್ಟು ದೂರ ನಡೆಯೋ ಕಾಲಲ್ಲ ಅದು" ಎಂದಳು.

ಗೇಟು ಬಿಟ್ಟು ಹೋಗುವ ಹಾಗಿಲ್ಲ. ಬಾಟಲಿ ಒಳಗೆ ಒಯ್ಯುವ ಹಾಗಂತೂ ಇಲ್ಲವೇ ಇಲ್ಲ. ನಾನು ಕಾಲು ಸುಟ್ಟ ಬೆಕ್ಕಿನಂತೆ ಗೂಡಿಗೂ ಬಾಗಿಲಿಗೂ ನಡುವೆ ಎರಡು ಸಲ ಓಡಾಡಿದೆ. ಆಮೇಲೆ ಬಾಟಲಿಯನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತಿದೆ.

ಸಾವಿರಾರು ತಲೆಗಳು, ಎಲ್ಲ ತಲೆಯ ಮೇಲೂ ಕರವಸ್ತ್ರ, ಟೋಪಿ, ಮಡಚಿದ ಕಾಗದ. ಮೂರು ಸಾಲು ಇಣುಕಿ ನೋಡುವಷ್ಟರಲ್ಲಿ ಇದು ಕಣ್ಣಿಂದ ಆಗುವ ಕೆಲಸವಲ್ಲ ಎಂದು ತಿಳಿಯಿತು.

"ಅರವತ್ತೊಂದು," ಎಂದೆ. ಪಕ್ಕದವರಿಗೂ ಕೇಳಲಿಲ್ಲ. ಉಸಿರು ಎಳೆದುಕೊಂಡು ಮತ್ತೆ ಕೂಗಿದೆ. "ಅರವತ್ತೊಂದನೇ ಬಿಲ್ಲೆ ಯಾರ ಹತ್ರ ಇದೆ?"

"ಬಹುಮಾನ ಏನಮ್ಮ?" ಎಂದ ಒಬ್ಬ.

"ನೀರು," ಎಂದೆ. ಅವನ ಮುಖದ ನಗು ಹೋಯಿತು. ಅವನು ಹಿಂದೆ ತಿರುಗಿ ಅಂಕಿಯನ್ನು ಕೂಗಿದ. ಮೇಲಿನ ಸಾಲಿನವರು ಅದನ್ನು ಇನ್ನೂ ಮೇಲಕ್ಕೆ ದಾಟಿಸಿದರು. ಹೀಗೆ ಅದು ಬಾಯಿಂದ ಬಾಯಿಗೆ ಹತ್ತಿ ಹೋಗಿ ಕೊನೆಯ ಗೋಡೆಯ ಹತ್ತಿರ ನಿಂತಿತು. ಅಲ್ಲಿಂದ ಯಾರೋ ಬಿಲ್ಲೆ ಎತ್ತಿ ಹಿಡಿದರು. ಅದು ಅಜ್ಜಿಯ ಕೈಯಲ್ಲ, ಪಕ್ಕದಲ್ಲಿ ಕೂತಿದ್ದ ಹೆಂಗಸಿನದು.

ಅಜ್ಜಿ ಕಂಬಿಗೆ ಒರಗಿದ್ದಳು. ಅಷ್ಟು ಬಿಸಿಲಿನಲ್ಲೂ ಹಣೆ ಒಣಗಿತ್ತು. ತುಟಿ ಅಂಟಿಕೊಂಡಿತ್ತು.

"ಎದ್ರೆ ಜಾಗ ಹೋಗುತ್ತೆ," ಎಂದಳು, ಯಾರಿಗೋ ಹೇಳುವಂತೆ. "ಓಟ ಈಗ ಆಗ ಅಂತ ಮುಂದೆ ಹಾಕ್ತಾನೇ ಇದ್ದಾರೆ."

ಗುಟುಕು ಗುಟುಕಾಗಿ ಕುಡಿಸಿದೆ. ಮೊದಲ ಗುಟುಕು ಗಲ್ಲದ ಮೇಲೆ ಹರಿಯಿತು, ಮೂರನೆಯದು ಒಳಗಿಳಿಯಿತು. ಇಬ್ಬರು ಅಪ್ಪಂದಿರು ಕೈಕುರ್ಚಿ ಮಾಡಿ ಅವಳನ್ನು ಕೆಳಗಿನ ಪ್ರಥಮ ಚಿಕಿತ್ಸೆಯ ಕೋಣೆಗೆ ಹೊತ್ತು ತಂದರು. ನರ್ಸ್ ಕತ್ತಿಗೆ ಒದ್ದೆ ಬಟ್ಟೆ ಸುತ್ತಿ, ಕಾಲು ಎತ್ತರಿಸಿ, ನನ್ನತ್ತ ನೋಡಿ ಎಂದಳು, "ಬೆವರೇ ನಿಂತುಹೋಗಿತ್ತು. ಯಾರು ಕಂಡುಹಿಡಿದದ್ದು?"

ಅಷ್ಟರಲ್ಲಿ ಸೀಟಿ ಸಾರ್ ನನ್ನ ಹಾಳೆ ಹಿಡಿದು ಬಾಗಿಲಲ್ಲಿದ್ದರು. ಎರಡು ಗಂಟೆ ದಾಟಿ ಹತ್ತು ನಿಮಿಷವಾಗಿತ್ತು. ಅವರು ನೋಡಿದ್ದು ನನ್ನ ಕೈಯ ಬಾಟಲಿಯನ್ನು.

"ಗೇಟು ಬಿಟ್ಟೆ. ಬಾಟಲಿ ಒಳಗೆ ತಂದೆ."

"ಹೌದು ಸಾರ್," ಎಂದೆ.

"ಇನ್ನರ್ಧ ಗಂಟೆ ತಡವಾಗಿದ್ರೆ ನೀವು ಆ ಹಾಳೇಲಿ ಬೇರೇನೋ ಬರೀಬೇಕಿತ್ತು," ನರ್ಸ್ ಎಂದಳು. ತಲೆ ಎತ್ತದೆ ಬಟ್ಟೆ ಹಿಂಡುತ್ತಿದ್ದಳು. "ನಿನ್ನೆ ಪೂರ್ವದ ಮೆಟ್ಟಿಲಿಂದ ಹದಿನಾಲ್ಕು ಜನ ತಲೆ ತಿರುಗಿ ಬಂದ್ರು. ಇವತ್ತು ಈ ಅಜ್ಜಿ ಸೇರಿ ಮೂರು. ನಿನ್ನೆಗಿಂತ ಇವತ್ತೇ ಬಿಸಿಲು ಜಾಸ್ತಿ."

ಅಜ್ಜಿ ಕಣ್ಣು ತೆರೆದಳು. "ಸೀಟಿ ಊದೋ ಅಪ್ಪ, ಆ ಬಾಗಿಲಿಂದ ಸ್ವಲ್ಪ ಸರಿ. ಓಟ ಕಾಣ್ತಾ ಇಲ್ಲ."

ಆ ಕೋಣೆಯ ಬಾಗಿಲು ನೇರ ಓಟದ ಹಾದಿಗೇ ತೆರೆಯುತ್ತದೆ. ಸೀಟಿ ಸಾರ್ ಸರಿದರು. ರಿಲೇ ಓಡಿದ್ದು ಕಾಲು ಗಂಟೆಯ ನಂತರ. ಮೊಮ್ಮಗಳು ಎರಡೂ ಜಡೆ ಹಾರಿಸುತ್ತ ನಮ್ಮೆದುರೇ ಹಾದುಹೋಗಿ ಮೂರನೆಯವಳಾದಳು. "ಮೇಲಿಂದ ನೋಡಿದ್ರೆ ಇರುವೆ ಹಾಗೆ ಕಾಣ್ತಿದ್ಲು," ಎಂದಳು ಅಜ್ಜಿ ಬಹಳ ತೃಪ್ತಿಯಿಂದ. ಸೀಟಿ ಸಾರ್ ಓಟ ಮುಗಿಯುವವರೆಗೂ ಅಲ್ಲೇ ನಿಂತಿದ್ದು ಹೋದರು.

ನಾನು ಗೇಟಿಗೆ ಓಡಿದೆ. ಗೂಡುಗಳು ತುಂಬಿಯೇ ಇದ್ದವು, ಗೇಟಕ್ಕ ನೀರು ಕೊಡುತ್ತಲೇ ಇದ್ದಳು. "ಖಾಲಿ ಮಾಡ್ಬೇಕು ಅಂತ ಅಂದ್ಕೊಂಡೆ. ಸಾರ್ ಸೀಟಿ ಊದಲಿಲ್ಲ. ಸೀಟಿ ಕೇಳದೆ ನನಗೆ ಕೈಯೇ ಓಡಲ್ಲ."

ಸಂಜೆ ಐದಕ್ಕೆ ಸೀಟಿ ಸಾರ್ ಕೋಣೆಗೆ ಕರೆ ಬಂತು. ಮೇಜಿನ ಮೇಲೆ ನನ್ನ ಹಾಳೆ ಇತ್ತು. ಎರಡನೇ ದಿನದ ಸಾಲಿನಲ್ಲಿ 'ಹೇಳದೆ ಸ್ಥಳ ಬಿಟ್ಟರು' ಎಂದು ಬರೆದಿದ್ದರು.

"ಬರೆದದ್ದು ಸುಳ್ಳಾ?"

"ಇಲ್ಲ ಸಾರ್."

"ಗೇಟು ಬಿಟ್ಟು ಹೋಗೋ ಮೊದಲು ನನಗೆ ಫೋನ್ ಮಾಡ್ಬೇಕಿತ್ತು."

"ಫೋನಲ್ಲಿ ಮಾತಾಡೋಕೆ ನನಗೆ ಭಯ ಸಾರ್."

ಅವರು ನನ್ನನ್ನೇ ನೋಡಿದರು. "ಅಷ್ಟು ಜನರ ಮಧ್ಯೆ ಕೂಗಿದೆಯಂತೆ?"

"ಅವರು ಕಾಣ್ತಾ ಇದ್ರು ಸಾರ್. ಫೋನಲ್ಲಿ ಯಾರೂ ಕಾಣಲ್ಲ."

ಅವರು ಸೀಟಿಯನ್ನು ಕೊರಳಿಂದ ತೆಗೆದು ಮೇಜಿನ ಮೇಲಿಟ್ಟರು. ಪೂರ್ವದ ಪೈಪನ್ನು ಬಿಸಿಲು ತಾಗದಂತೆ ಮುಚ್ಚಿಸಿ, ಅಲ್ಲಿ ನೆರಳಿನಲ್ಲಿ ಒಂದು ತೊಟ್ಟಿ ಇಡಿಸಿ ಎಂದು ತಾವು ಇಂಜಿನಿಯರಿಗೆ ಮೂರು ಸಲ ಬಾಯಲ್ಲಿ ಹೇಳಿದ್ದಾಗಿ, ಬಾಯಲ್ಲಿ ಹೇಳಿದ್ದಕ್ಕೆ ಅವರು ಬಾಯಲ್ಲೇ 'ನೋಡೋಣ' ಎಂದದ್ದಾಗಿ ಹೇಳಿದರು. "ನನಗೆ ಅರ್ಜಿ ಬರೆಯೋಕೆ ಬರಲ್ಲ. ಓದಿದವಳು ನೀನು. ಬರಿ."

ಅಲ್ಲೇ ಕೂತು ಬರೆದೆ. ನರ್ಸಿನ ಹದಿನಾಲ್ಕು ಮತ್ತು ಮೂರು, ನಲ್ಲಿಯ ನೀರು ಬೆರಳು ಸುಡುವ ಹೊತ್ತು, ಅಂಗಡಿಗೆ ನಡೆಯಬೇಕಾದ ದೂರ. ಒಂದು ಪುಟ. ಅವರು ಎರಡು ಸಲ ಓದಿ ಸಹಿ ಹಾಕಿದರು, ಕೆಳಗೆ ನೀನೂ ಹಾಕು ಎಂದರು. ಆಮೇಲೆ ನನ್ನ ಹಾಳೆಯನ್ನು ಹತ್ತಿರಕ್ಕೆ ಎಳೆದು, ಬರೆದದ್ದನ್ನು ಹೊಡೆದುಹಾಕದೆ, ಅದರ ಮುಂದೆ 'ಕಾರಣ ಸರಿಯಿತ್ತು' ಎಂದು ಸೇರಿಸಿದರು.

"ಸಹಿ ಆರನೇ ದಿನಕ್ಕೆ. ತೊಟ್ಟಿ ಬರೋ ತನಕ ಈ ಬಿಲ್ಲೆ ಎಲ್ಲ ಗೇಟಲ್ಲೂ ನಡೀಲಿ. ಸಾಲು ಮಾತ್ರ ಗೋಡೆ ಬದಿಗೇ. ನಾಳೆ ಎಂಟಕ್ಕಲ್ಲ, ಏಳಕ್ಕೆ ಬಾ. ಹನ್ನೆರಡು ಗೇಟಿನವರೂ ಇರ್ತಾರೆ, ಹೇಗೆ ಮಾಡ್ಬೇಕು ಅಂತ ನೀನೇ ಹೇಳ್ಬೇಕು."

ಬೇಡ ಎನ್ನಲು ಬಾಯಿ ತೆರೆದೆ. "ಆಗಲಿ ಸಾರ್" ಎಂಬ ಮಾತು ಹೊರಬಂತು.

ಮನೆಗೆ ಬಂದು ಕೋಣೆಯ ಬಾಗಿಲು ಹಾಕಿಕೊಂಡು ಗೋಡೆಯೆದುರು ನಿಂತೆ. "ಎಲ್ಲರಿಗೂ ನಮಸ್ಕಾರ. ಕುಡಿದವರ ಬಾಟಲಿ ಒಳಗೆ ತಳ್ಳಿ. ಅಂಚಿನಲ್ಲಿ ಉಳಿದದ್ದು ಯಾರದೆಂದು ಗಂಟೆಗೊಮ್ಮೆ ನೋಡಿ, ಹೋಗಿ ಹುಡುಕಿ." ಮೂರನೇ ಸಲ ಹೇಳುವಾಗ ಧ್ವನಿ ನಡುಗಲಿಲ್ಲ, ಸ್ವಲ್ಪ ಏರಿತು ಕೂಡ.

ಅಡುಗೆಮನೆಯಿಂದ ಅಮ್ಮ ಕೇಳಿದಳು, "ಯಾರ ಜೊತೇನೇ ಜಗಳ?"

"ಜಗಳ ಅಲ್ಲಮ್ಮ. ನಾಳಿನ ಕೆಲಸ."

"ಹಾಗಾದ್ರೆ ಬಾಗಿಲು ತೆಗೆದು ಹೇಳು. ಇಲ್ಲಿಗೆ ಅರ್ಧ ಮಾತ್ರ ಕೇಳಿಸ್ತಿದೆ."