ಕಣ್ಣು ತೆರೆಸುವ ಕೆಲಸ

ಆಳಂದದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿರುವ ನರಸಿಂಹನ ಅಂಗಡಿಗೆ ಬರುವವರಲ್ಲಿ ಹತ್ತಕ್ಕೆ ಎಂಟು ಮಂದಿ ಸತ್ತವರ ಚಿತ್ರ ಬರೆಸಲು ಬರುವವರು. ಮೂವತ್ತೊಂದು ವರ್ಷದಿಂದ ಹೀಗೇ ನಡೆದಿದೆ. ಅಫಜಲಪುರ, ಜೇವರ್ಗಿ ಕಡೆಯವರು ಕಲಬುರಗಿಯಲ್ಲಿ ಬಸ್ ಬದಲಿಸಿ ಇಲ್ಲಿಯ ತನಕ ಬರುವುದಕ್ಕೆ ಒಂದೇ ಕಾರಣವಿತ್ತು. ನರಸಿಂಹ ಕಣ್ಣು ತೆರೆಸುತ್ತಾನೆ ಎಂದು ಹೆಸರಾಗಿತ್ತು.

ಈ ಸೀಮೆಯ ಲಿಂಗಾಯತರ ಮನೆಗಳಲ್ಲಿ ಸತ್ತವರನ್ನು ಕೂಡಿಸುತ್ತಾರೆ. ಹಣೆಗೆ ವಿಭೂತಿ ಬಳಿದು, ಹೂವು ಏರಿಸಿ, ಗೋಡೆಗೆ ಆನಿಸಿ ಕೂಡಿಸಿದ ಮೇಲೆ ಯಾರಾದರೂ ಫೋಟೊ ತೆಗೆಯುತ್ತಾರೆ. ಎಷ್ಟೋ ಹಿರಿಯರ ಮುಖ ಸರಿಯಾಗಿ ಕಾಣುವ ಫೋಟೊ ಅದೊಂದೇ ಇರುತ್ತದೆ. ಅದರಲ್ಲಿ ಕಣ್ಣು ಮುಚ್ಚಿರುತ್ತವೆ. ಮುಚ್ಚಿದ ಕಣ್ಣಿನ ಮುಖವನ್ನು ಪಡಸಾಲೆಯಲ್ಲಿ ತೂಗುಹಾಕಲು ಯಾರಿಗೂ ಮನಸ್ಸು ಬರುವುದಿಲ್ಲ. ಹಾಗಾಗಿ ಚಿತ್ರಗಾರನ ಹತ್ತಿರ ಬರುತ್ತಾರೆ.

ನರಸಿಂಹ ಈ ಕೆಲಸವನ್ನು ಒಬ್ಬನೇ ಮಾಡಿದ್ದಲ್ಲ. ಅವನ ಹೆಂಡತಿ ವತ್ಸಲಾಬಾಯಿ ಒಳಮನೆಯಿಂದ ಚಹಾ ತಂದು, ಬಂದವರ ಎದುರಿಗೆ ಕುಳಿತು ವಿಚಾರಿಸುತ್ತಿದ್ದಳು. ನಿಮ್ಮ ಅವ್ವ ಸಿಟ್ಟಿಗೆದ್ದಾಗ ಹೇಗೆ ನೋಡುತ್ತಿದ್ದರು, ಬಾಗಿಲಿಗೆ ಬೀಗರು ಬಂದು ನಿಂತರೆ ಹೇಗೆ ನೋಡುತ್ತಿದ್ದರು ಎಂದು ಕೇಳುತ್ತಿದ್ದಳು. ಅವರು ಹೇಳಿದಂತೆ ತಾನೇ ನೋಡಿ ತೋರಿಸುತ್ತಿದ್ದಳು. ರೆಪ್ಪೆ ಇನ್ನಷ್ಟು ಇಳಿಸಬೇಕೇ, ಹುಬ್ಬು ಏರಿಸಬೇಕೇ ಎಂದು ಕೇಳಿ ಕೇಳಿ, ಬಂದವರು “ಹಾಂ, ಹಿಂಗೇರಿ” ಎನ್ನುವ ತನಕ ಬಿಡುತ್ತಿರಲಿಲ್ಲ. ಆಮೇಲೆ ಕಿಟಕಿಯ ಪಕ್ಕ ಅದೇ ನೋಟವಿಟ್ಟುಕೊಂಡು ಕೂಡುವಳು. ನರಸಿಂಹ ರೆಪ್ಪೆಯ ಮಡಿಕೆಯನ್ನೂ ಬೆಳಕಿನ ಚುಕ್ಕೆಯನ್ನೂ ಅವಳಿಂದ ತೆಗೆದುಕೊಂಡು, ಕಣ್ಣಿನ ಆಕಾರವನ್ನು ಸತ್ತವರ ಬಂಧುಗಳಿಂದ ತೆಗೆದುಕೊಳ್ಳುತ್ತಿದ್ದ. ಒಮ್ಮೆ ಜೇವರ್ಗಿಯ ಗೌಡರೊಬ್ಬರ ಚಿತ್ರಕ್ಕೆ ಮುಕ್ಕಾಲು ತಾಸು ದುರುಗುಟ್ಟಿ ಕೂತವಳು, “ಇಷ್ಟು ಸಿಟ್ಟು ನಿಮ್ಮ ಮ್ಯಾಲ ಮಾಡಿದ್ರ ನೀವು ಎಂದೋ ಓಡಿ ಹೋಗ್ತಿದ್ರಿ” ಎಂದಿದ್ದಳು. ನರಸಿಂಹನ ಕೈ ನಗುವಿನಿಂದ ಅಲುಗಿ ಗೌಡರ ಹುಬ್ಬು ಕೆಟ್ಟಿತ್ತು. ಆ ಹುಬ್ಬನ್ನು ಮತ್ತೆ ಬರೆಯುವಾಗಲೂ ಇಬ್ಬರೂ ನಗುತ್ತಿದ್ದರು.

ಅವಳು ತೀರಿಹೋಗಿ ನಾಲ್ಕು ತಿಂಗಳಾಗಿತ್ತು. ಎದೆನೋವು ಬಂತು. ಕಲಬುರಗಿ ಮುಟ್ಟುವ ಮೊದಲೇ ಮುಗಿಯಿತು. ಆಮೇಲೆ ನರಸಿಂಹ ಬದುಕಿರುವವರ ಚಿತ್ರ ಮಾತ್ರ ಒಪ್ಪಿಕೊಂಡ. ನಿವೃತ್ತ ಮುಖ್ಯೋಪಾಧ್ಯಾಯರು, ಹೊಸ ಮದುಮಕ್ಕಳು, ಒಬ್ಬ ಸಂಘದ ಅಧ್ಯಕ್ಷ. ಮುಚ್ಚಿದ ಕಣ್ಣಿನ ಫೋಟೊ ತಂದವರನ್ನು ವಾಪಸು ಕಳಿಸಿದ. ಪಕ್ಕದ ಅಂಗಡಿಯಲ್ಲಿ ಫ್ರೇಮು ಕಟ್ಟುವ ಜುಬೇರ, ಈಗ ಕಂಪ್ಯೂಟರಿನಲ್ಲಿ ಹತ್ತು ನಿಮಿಷಕ್ಕೆ ಕಣ್ಣು ತೆರೆಸಿಕೊಡುತ್ತಾರೆ, ಬಿಟ್ಟರೆ ಗಿರಾಕಿ ಮತ್ತೆ ಬರುವುದಿಲ್ಲ ಎಂದು ಎರಡು ಸಲ ಎಚ್ಚರಿಸಿದ್ದ.

ಕಿಣ್ಣಿ ಸುಲ್ತಾನ ಎಂಬ ಹಳ್ಳಿಯ ಚಂದಪ್ಪನನ್ನು ಮಾತ್ರ ವಾಪಸು ಕಳಿಸಲಾಗಲಿಲ್ಲ. ಆರು ವರ್ಷದ ಹಿಂದೆ ತನ್ನ ಅಪ್ಪನ ಚಿತ್ರ ಬರೆಸಿದ್ದವನು ಅವನು. ಆಗ ವತ್ಸಲಾಬಾಯಿ ಅವನನ್ನು ಕೂಡಿಸಿಕೊಂಡು ಎರಡು ದಿನ ವಿಚಾರಿಸಿದ್ದಳು. ಈಗ ಅವನು ಹೆಂಡತಿ ಗುರಮ್ಮನ ಫೋಟೊ ತಂದಿದ್ದ. ಅವಳು ಹೋಗಿ ಹನ್ನೊಂದು ತಿಂಗಳಾಗಿತ್ತು. ಮುಂದಿನ ತಿಂಗಳು ಒಂದು ಸೋಮವಾರ ವರ್ಷದ ಪುಣ್ಯಸ್ಮರಣೆ. ಕಂಪ್ಯೂಟರಿನಲ್ಲಿ ತೆರೆಸಿದ್ದನ್ನೂ ಚಂದಪ್ಪ ಫೋನಿನಲ್ಲಿ ತೋರಿಸಿದ. ದೊಡ್ಡ, ಹೊಳೆಯುವ, ಯಾರದ್ದೋ ಕಣ್ಣು. ಮಗಳು ಶೈಲಶ್ರೀ ಅದನ್ನು ನೋಡಿ ಊಟ ಬಿಟ್ಟಿದ್ದಳಂತೆ. ಗೋಡೆಯ ಮೇಲೆ ಹೂಮಾಲೆ ಹಾಕಿದ ವತ್ಸಲಾಬಾಯಿಯ ಫೋಟೊ ಕಂಡದ್ದೇ ಅವನು, ತಾನು ಬಂದದ್ದು ತಪ್ಪಾಯಿತೇನೋ ಎಂದ. ನರಸಿಂಹ ಫೋಟೊ ಇಸಿದುಕೊಂಡ.

ಹಣೆ, ಮೂಗು, ಗಲ್ಲ, ಇಳಕಲ್ ಸೀರೆಯ ಸೆರಗು ಎಲ್ಲವೂ ಹದಿನೆಂಟು ದಿನದಲ್ಲಿ ಮುಗಿದವು. ಕಣ್ಣಿನ ಜಾಗ ಖಾಲಿ ಉಳಿಯಿತು. ಪ್ರತಿ ದಿನ ಮುಂಜಾನೆ ಕುಂಚ ತೊಳೆದು ಕೂಡುವನು, ಮಧ್ಯಾಹ್ನ ಏಳುವನು. ಗುರಮ್ಮ ಹೇಗೆ ನೋಡುತ್ತಿದ್ದಳು ಎಂದು ಅವನು ಕೇಳಿಕೊಂಡೇ ಇರಲಿಲ್ಲ. ಕೇಳುವ ಕೆಲಸ ಎಂದೂ ಅವನದಾಗಿರಲಿಲ್ಲ, ಅದು ನೆನಪಿಗೂ ಬಂದಿರಲಿಲ್ಲ. ಪುಣ್ಯಸ್ಮರಣೆಗೆ ಐದು ದಿನ ಉಳಿದಾಗ, ಬುಧವಾರ, ಹನ್ನೊಂದು ಗಂಟೆಯ ಬೆಳಕಿನಲ್ಲಿ ಕೈ ತಾನಾಗಿ ನಡೆಯಿತು. ಒಂದೂವರೆ ತಾಸಿನಲ್ಲಿ ಎರಡೂ ಕಣ್ಣು ತೆರೆದುಕೊಂಡವು. ಅಷ್ಟು ಸಲೀಸಾಗಿ ಅವನು ಯಾವ ಕಣ್ಣನ್ನೂ ಬರೆದಿರಲಿಲ್ಲ. ಆ ದಿನ ಹೊಟ್ಟೆ ತುಂಬ ಊಟ ಮಾಡಿದ. ಸಂಜೆ, ಮರುದಿನ ಮುಂಜಾನೆ, ಮತ್ತೆ ಸಂಜೆ ಚಿತ್ರದ ಎದುರಿಗೆ ಕುಳಿತ. ನಾಲ್ಕು ತಿಂಗಳಲ್ಲಿ ಮೊದಲ ಸಲ ಮನೆ ಖಾಲಿ ಅನ್ನಿಸಲಿಲ್ಲ. ಏಕೆಂದು ಯೋಚಿಸಲಿಲ್ಲ.

ಶುಕ್ರವಾರ ಚಂದಪ್ಪ ಮಗಳನ್ನು ಕರೆದುಕೊಂಡು ಬಂದ. ಶೈಲಶ್ರೀಗೆ ಇಪ್ಪತ್ತೆರಡು ವರ್ಷ, ಆಳಂದದಲ್ಲೇ ಬಿ.ಎಡ್. ಓದುತ್ತಿದ್ದಳು. ಚಂದಪ್ಪ ಟೋಪಿ ತೆಗೆದು ಚಿತ್ರದ ಮುಂದೆ ಬಹಳ ಹೊತ್ತು ನಿಂತ.

“ಚಂದ ಆಗ್ಯಾದ್ರಿ ಮಾಸ್ತರ್,” ಎಂದ. “ಸೀರಿ ಅಂತೂ ಹಾಂಗೇ ಅದ.”

ಶೈಲಶ್ರೀ ಹತ್ತಿರ ಬಂದು ನೋಡಿದಳು. “ಇವು ಅವ್ವನ ಕಣ್ಣಲ್ಲ.”

“ಸುಮ್ನಿರು ಬೇ.”

“ಅಲ್ಲೆಪ್ಪಾ. ಅವ್ವ ಎಂದರ ಹಿಂಗ ಮಾರಿ ಮ್ಯಾಲ ಮಾರಿ ಇಟ್ಟು ನೋಡ್ಯಾಳೇನು? ಈಗ ಏನೋ ಕೇಳ್ತಾರ ಅನ್ನೂಹಂಗ ಅದಾವ.”

ಚಂದಪ್ಪ ಟೋಪಿಯನ್ನು ಮಡಚಿದ, ಬಿಚ್ಚಿದ. ಅವನಿಗೆ ಗೊತ್ತಾಗಿದೆ ಎಂಬುದು ನರಸಿಂಹನಿಗೆ ಆಗ ಹೊಳೆಯಿತು. ಏನು ಗೊತ್ತಾಗಿದೆ ಎಂದು ತಿಳಿಯಲು ತಾನೂ ಚಿತ್ರದ ಕಡೆ ತಿರುಗಿದ.

“ಇವು ವೈನಿಯವರ ಕಣ್ರಿ, ಮಾಸ್ತರ್,” ಎಂದ ಚಂದಪ್ಪ ಮೆಲ್ಲಗೆ. “ಎರಡು ದಿನ ನನ್ನ ಮುಂದ ಕುಂತು ಕೇಳಿದ್ರಲ್ರಿ. ನನಗ ಗುರ್ತದ.”

ನರಸಿಂಹ ಸ್ಟೂಲಿನ ಮೇಲೆ ಕುಳಿತ. ಚಂದಪ್ಪ ಹೇಳಿದ್ದು ನಿಜವಾಗಿತ್ತು. ಎಡಗಣ್ಣಿನ ರೆಪ್ಪೆ ಬಲಗಣ್ಣಿಗಿಂತ ಒಂದು ಕೂದಲೆಳೆ ಕೆಳಗಿತ್ತು. ಇದಿರಿನವರ ಮಾತು ಮುಗಿಯುವ ಮೊದಲೇ ಮುಂದಿನ ಪ್ರಶ್ನೆಗೆ ಸಿದ್ಧವಾಗುವ ನೋಟ ಅದು. ಮೂವತ್ತೊಂದು ವರ್ಷ ಆ ಕಣ್ಣಿನಿಂದ ಮಡಿಕೆಯನ್ನೂ ಬೆಳಕನ್ನೂ ಅಷ್ಟೇ ತೆಗೆದುಕೊಂಡಿದ್ದವನು, ಅವಳನ್ನೇ ಬರೆದದ್ದು ಇದೊಂದೇ ಸಲ. ಎದುರಿಗೇ ಇದ್ದವಳನ್ನು ಬರೆಯಬೇಕೆಂದು ಅವನಿಗೆ ಎಂದೂ ಅನ್ನಿಸಿರಲಿಲ್ಲ.

ಚಂದಪ್ಪ, ಚಿತ್ರ ನೀವೇ ಇಟ್ಟುಕೊಳ್ಳಿರಿ, ನಮ್ಮದು ತಡವಾದರೂ ನಡೆಯುತ್ತದೆ, ಸೋಮವಾರ ಫೋಟೊ ಇಟ್ಟೇ ಪೂಜೆ ಮಾಡುತ್ತೇವೆ ಎಂದ. ಮುಚ್ಚಿದ ಕಣ್ಣಿನದೇ ಆದರೂ ಅಡ್ಡಿಯಿಲ್ಲ ಎಂದ. ಶೈಲಶ್ರೀ ಅಪ್ಪನ ಮುಖ ನೋಡಿ ತಲೆ ತಗ್ಗಿಸಿದಳು. ತಾನು ಬಾಯಿ ತೆರೆಯಬಾರದಿತ್ತು ಎಂದು ಅವಳಿಗೆ ಅನ್ನಿಸಿರಬೇಕು.

ನರಸಿಂಹ ಲೆಕ್ಕ ಹಾಕಿದ. ಹಣೆ, ಮೂಗು, ಗಲ್ಲ ಗುರಮ್ಮನವು. ಕಣ್ಣು ವತ್ಸಲೆಯವು. ಈ ಚಿತ್ರವನ್ನು ಯಾವ ಮನೆಯ ಗೋಡೆಗೆ ಹಾಕುವುದು? ತಾನು ಇಟ್ಟುಕೊಂಡರೆ ಇನ್ನೊಬ್ಬರ ಮನೆಯೊಡತಿಯ ಮುಖವನ್ನು ಇಟ್ಟುಕೊಂಡಂತೆ. ಕೊಟ್ಟರೆ ಈ ಹುಡುಗಿ ದಿನಾ ಊಟಕ್ಕೆ ಕುಳಿತಾಗ ಪರಕೀಯಳೊಬ್ಬಳು ಅವಳನ್ನು ನೋಡುತ್ತಾಳೆ. ಕಣ್ಣಿಗೆ ಎಣ್ಣೆಬಣ್ಣ ಹಾಕಿ ಎರಡು ದಿನವಾಗಿತ್ತು, ಇನ್ನೂ ಹಸಿ ಇತ್ತು. ಇನ್ನೆರಡು ದಿನ ಬಿಟ್ಟರೆ ಮೇಲ್ಪದರ ಒಣಗುತ್ತದೆ, ಆಮೇಲೆ ಅಳಿಸಲು ಬರುವುದಿಲ್ಲ. ಅಳಿಸುವ ಮೊದಲು ಫೋನಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಬಹುದಿತ್ತು. ಶೈಲಶ್ರೀ ಅದನ್ನೇ ಹೇಳಿದಳು.

“ಬ್ಯಾಡವ್ವ,” ಎಂದ ನರಸಿಂಹ. “ಮಾರಿ ನಿಮ್ಮ ಅವ್ವನದು.”

ಬಟ್ಟೆಯ ತುಂಡನ್ನು ಹೆಬ್ಬೆರಳಿಗೆ ಸುತ್ತಿ ಟರ್ಪಂಟೈನಿನಲ್ಲಿ ಅದ್ದಿದ. ಮೊದಲು ಬಲಗಣ್ಣು ಒರೆಸಿದ. ಎಡಗಣ್ಣಿಗೆ ಬಂದಾಗ ಕೈ ನಿಂತಿತು. ಪಕ್ಕದಲ್ಲಿ ಜುಬೇರ ಮೊಳೆ ಹೊಡೆಯುತ್ತಿದ್ದ ಸದ್ದು ಕೇಳುತ್ತಿತ್ತು. ಎಡಗಣ್ಣನ್ನೂ ಒರೆಸಿದ. ಹೊಸ ಬಟ್ಟೆ ತೆಗೆದುಕೊಂಡು ಕ್ಯಾನ್‌ವಾಸಿನ ನೇಯ್ಗೆಯ ಸಂದಿಗಳನ್ನೂ ಬಿಡದೆ ಮತ್ತೊಮ್ಮೆ ಒರೆಸಿದ. ಕಂದು ಬಣ್ಣ ಉಳಿದರೆ ಮೇಲಿನ ಬಿಳಿ ಮಸುಕಾಗುತ್ತದೆ.

ಆಮೇಲೆ ಅವರಿಬ್ಬರನ್ನೂ ಎದುರಿಗೆ ಕೂಡಿಸಿ, ಗುರಮ್ಮ ಹೇಗೆ ನೋಡುತ್ತಿದ್ದಳು ಎಂದು ಕೇಳಿದ. ಕೇಳುವ ರೀತಿ ಅವನಿಗೆ ಬರುತ್ತಿರಲಿಲ್ಲ, ಎರಡು ಸಲ ತಡವರಿಸಿದ. ಚಂದಪ್ಪ ಯೋಚಿಸಿ ಹೇಳಿದ.

“ಅಕಿ ಮಾರಿ ನೋಡ್ತಿದ್ದಿಲ್ರಿ. ತಾಟು ನೋಡ್ತಿದ್ಲು. ರೊಟ್ಟಿ ತೀರ್ತೋ ಇಲ್ಲೋ ಅಂತ. ಇಪ್ಪತ್ತಾರು ವರ್ಷ ನನ್ನ ತಾಟೇ ನೋಡಿದ್ಲು.”

ಶೈಲಶ್ರೀ ಬಿಕ್ಕಿದಳು, ಹೌದೆಂದು ತಲೆ ಆಡಿಸಿದಳು. ನರಸಿಂಹ ಅವಳನ್ನು ಕಿಟಕಿಯ ಪಕ್ಕ ಕೂಡಿಸಿ, ಕೆಳಗೆ ಒಂದು ತಾಟಿದೆ ಎಂದುಕೊಂಡು ನೋಡಲು ಹೇಳಿದ. ಸಂಜೆ ಐದಕ್ಕೆ ಕಣ್ಣು ಮುಗಿದವು. ರೆಪ್ಪೆ ಅರ್ಧ ಇಳಿದಿತ್ತು, ನೋಟ ನೋಡುವವರ ಎದೆಯ ಮಟ್ಟಕ್ಕೆ ಬೀಳುತ್ತಿತ್ತು. ಚಂದಪ್ಪ ಚಿತ್ರ ನೋಡಿ, ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತ. ಬಣ್ಣ ಹಸಿಯಿದೆ, ಒಂದು ತಿಂಗಳು ಗಾಜು ಹಾಕಿಸಬೇಡಿರಿ, ಹೂಮಾಲೆ ಮುಖಕ್ಕೆ ತಾಗಬಾರದು ಎಂದು ನರಸಿಂಹ ಶೈಲಶ್ರೀಗೆ ಎರಡೆರಡು ಸಲ ಹೇಳಿ ಕಳಿಸಿದ.

ಸೋಮವಾರ ಅವನೂ ಕಿಣ್ಣಿ ಸುಲ್ತಾನಕ್ಕೆ ಹೋದ. ಪಡಸಾಲೆಯಲ್ಲಿ ಚಿತ್ರದ ಮುಂದೆ ಓಣಿಯ ಹೆಂಗಸರು ನಿಂತಿದ್ದರು. ಒಬ್ಬ ಮುದುಕಿ, ಗುರಮ್ಮ ಇನ್ನೊಂದು ರೊಟ್ಟಿ ಹಾಕಲೇ ಎಂದು ಕೇಳುವಂತಿದ್ದಾಳೆ ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೆಂಗಸರು ಅಡುಗೆಮನೆಗೆ ಸರಿದ ಮೇಲೆ ನರಸಿಂಹ ಚಿತ್ರದ ಹತ್ತಿರ ಹೋದ. ಚಸ್ಮಾ ಏರಿಸಿಕೊಂಡು ಎಡಗಣ್ಣಿನ ಮೂಲೆಯನ್ನು ನೋಡಿದ, ರೆಪ್ಪೆಯ ಅಂಚನ್ನು ನೋಡಿದ, ಬಲಗಣ್ಣನ್ನೂ ನೋಡಿದ. ಬುಧವಾರದ ಬಣ್ಣದ ಒಂದು ಗೆರೆಯೂ ಎಲ್ಲಿಯೂ ಉಳಿದಿರಲಿಲ್ಲ. ಒರೆಸುವ ಕೆಲಸವನ್ನೂ ಅವನು ಚೆನ್ನಾಗಿಯೇ ಮಾಡಿದ್ದ.